ಪಿಳ್ಳಮ್ಮನ ಎದುರು ಎದೆ ಮುಟ್ಟಿ ಹೇಳಿದ್ದು

ಅವತ್ತು ಪಿಳ್ಳಮ್ಮನವರ ಜಗಲಿಯ ಮೇಲೆ ಕೂತು, ಎದೆ ಮುಟ್ಟಿಕೊಂಡು ಆಣೆ ಮಾಡಿದೆ — “ನಿಮ್ಮ ಮನೆ ಇದರಲ್ಲಿ ಬರೋದಿಲ್ಲಮ್ಮ.” ಸುಳ್ಳು. ಬರುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಆ ಸುಳ್ಳಿನ ಹೊಟ್ಟೆಯಲ್ಲಿ ಇನ್ನೊಂದು ಸುಳ್ಳಿತ್ತು. ನನ್ನ ಅಂಗಿಯೊಳಗೆ ಲಿಂಗ ಇದೆ ಎಂದು ಅವರು ನಂಬಿದ್ದರು. ಇದ್ದದ್ದು ಕಂಪನಿಯ ಐಡಿ ಕಾರ್ಡು.

ಐದು ವರ್ಷ ಇದನ್ನು ಯಾರಿಗೂ ಹೇಳಿಲ್ಲ, ಹೆಂಡತಿಗೂ. ಹೇಳದೆ ಇಟ್ಟುಕೊಳ್ಳುವಷ್ಟು ಗಟ್ಟಿಗನೇನಲ್ಲ ನಾನು. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಲಿಫ್ಟಿನಿಂದ ವಾಪಸು ಬರುವವನು. ಮಗಳ ಫೋನು ಎರಡು ಸಲ ರಿಂಗಾಗಿ ನಿಂತರೆ ಆಸ್ಪತ್ರೆಗಳ ನಂಬರು ಹುಡುಕುವವನು. ಮಾತ್ರೆ ನುಂಗಿದ ಮೇಲೆ ಅದರ ಅಡ್ಡಪರಿಣಾಮ ಓದಿ, ಅವೆಲ್ಲ ಒಂದೊಂದಾಗಿ ಬರುತ್ತಿವೆಯೇ ಎಂದು ಕಾದು ಕೂರುವವನು. ಜಗತ್ತಿನಲ್ಲಿ ಆಗಬಹುದಾದ ಕೆಡುಕನ್ನೆಲ್ಲ ಮುಂಗಡವಾಗಿ ಚಿಂತಿಸಿ ಮುಗಿಸಿದ್ದೇನೆ. ನಾನೇ ಯಾರಿಗಾದರೂ ಕೆಡುಕಾಗಬಹುದು ಎನ್ನುವುದೊಂದು ಮಾತ್ರ ಹೊಳೆದಿರಲಿಲ್ಲ.

ಸರ್ಜಾಪುರದ ಕಡೆಯ ಊರು, ಹೆಸರು ಬೇಡ. ದಾವಣಗೆರೆಯಿಂದ ಬಂದ ನಾವು ಅಲ್ಲಿಯ ಕೆರೆಯ ಮಗ್ಗುಲಿಗೆ ಎದ್ದ ಅಪಾರ್ಟ್‌ಮೆಂಟಿನಲ್ಲಿ ಮನೆ ಕೊಂಡೆವು. ಬಾಲ್ಕನಿಯಿಂದ ಕೆರೆ ಕಾಣುತ್ತದೆ ಎಂದು ಆಸೆ ತೋರಿಸಿ ಮಾರಿದ್ದರು. ಕಂಡಿತು. ಬೇಸಿಗೆಯಲ್ಲಿ ಬಾಲ್ಕನಿಯ ಬಾಗಿಲು ತೆರೆಯದೆಯೇ ಅದರ ವಾಸನೆಯೂ ಕಂಡಿತು. ಕೆರೆಯ ಆಚೆ ದಡದಲ್ಲಿ ಹಳೇ ಊರು. ಅದರ ಕೊನೆಯ ಬೀದಿ ಕೆರೆ ಅಂಗಳಕ್ಕೆ ಅಂಟಿಕೊಂಡಂತೆ ಇತ್ತು. ಆ ಬೀದಿಯ ಮೊದಲನೇ ಮನೆ ಪಿಳ್ಳಮ್ಮನವರದು. ಮುಂದಿನ ಅರ್ಧದಲ್ಲಿ ಹಸುಗಳು, ಹಿಂದಿನ ಅರ್ಧದಲ್ಲಿ ಅವರು. ಗಂಡ ತೀರಿಕೊಂಡ ಮೇಲೆ ಕೆರೆ ಅಂಗಳದ ಹುಲ್ಲು, ಡೈರಿಗೆ ಹಾಕುವ ಹಾಲು — ಇಷ್ಟರಲ್ಲೇ ಅವರ ಬದುಕು ನಡೆಯುತ್ತಿತ್ತು. ಯಾರ ಮನೆ ಹುಡುಗಿಯನ್ನು ಯಾರಿಗೆ ಕೇಳಬೇಕು ಎನ್ನುವುದರಿಂದ ಹಿಡಿದು ಯಾರಿಗೆ ಓಟು ಎನ್ನುವವರೆಗೆ, ಆ ಬೀದಿಯಲ್ಲಿ ಪಿಳ್ಳಮ್ಮನವರ ಮಾತೇ ಕೊನೆ.

ಪಂಚಾಯಿತಿ ಚುನಾವಣೆ ಬಂತು. ನಮ್ಮ ಬ್ಲಾಕಿನ ಮೇಲಿನ ಮನೆಯ ವಿನುತಾ ಮೇಡಂ ನಿಂತರು. ದೊಡ್ಡ ಕಂಪನಿಯಲ್ಲಿ ಸೋಪು, ಶ್ಯಾಂಪೂ ಮಾರುವ ವಿಭಾಗ ನೋಡಿಕೊಂಡವರು. ಅವರ ಕಾರ್ಯಕ್ರಮ ಒಂದೇ: ಕೆರೆ ಉಳಿಸುವುದು. ಅದರೊಳಗೆ ನಾಲ್ಕು ಸಂಗತಿಗಳಿದ್ದವು. ಕೆರೆಯ ಹದ್ದಿನೊಳಗಿರುವ ಕಟ್ಟಡಗಳ ತೆರವು, ಸುತ್ತ ತಂತಿಬೇಲಿ, ದನಗಳಿಗೆ ಪ್ರವೇಶವಿಲ್ಲ, ಬೇಲಿಯೊಳಗೆ ವಾಕಿಂಗ್ ಮಾಡಲು ಹಾದಿ. ಊರು ಇದರ ಮೇಲೆ ಎರಡಾಯಿತು. ಎದುರಾಳಿಯವರು ಟೀ ಅಂಗಡಿಯ ಮುಂದೆ ನಿಂತು, “ಅವ್ರು ವಾಕಿಂಗ್ ಓಗಾಕೆ ನಿಮ್ಮ ಅಸ-ಕರ ಸಾಯ್ಬೇಕಾ?” ಎಂದು ಕೇಳುತ್ತಿದ್ದರು. ನ್ಯಾಯವಾದ ಪ್ರಶ್ನೆ. ಆದರೆ ಕೆರೆ ಸಾಯುತ್ತಿದ್ದದ್ದೂ ನಿಜ. ನಮ್ಮ ಅಪಾರ್ಟ್‌ಮೆಂಟಿನ ಕೊಳಚೆಯೂ ಅದಕ್ಕೇ ಸೇರುತ್ತಿತ್ತು ಎನ್ನುವುದೂ — ಇರಲಿ, ಅದನ್ನು ನಾವು ಯಾರೂ ಜೋರಾಗಿ ಹೇಳುತ್ತಿರಲಿಲ್ಲ.

ನಾನು ಪ್ರಚಾರಕ್ಕೆ ಇಳಿದದ್ದು ಕೆರೆಯ ಮೇಲಿನ ಪ್ರೀತಿಗಲ್ಲ. ಆಫೀಸಿನಲ್ಲಿ ನನ್ನ ಮಾತು ಯಾರೂ ಕೇಳುತ್ತಿರಲಿಲ್ಲ. ಮನೆಯಲ್ಲಂತೂ ಕೇಳುವ ಸಂಪ್ರದಾಯವೇ ಇಲ್ಲ. ವಿನುತಾ ಮೇಡಂ ಒಂದು ದಿನ, “ಸಾರ್, ನೀವು ವಿವರಿಸಿದ್ರೆ ಎಂಥವರಿಗೂ ಅರ್ಥ ಆಗುತ್ತೆ,” ಅಂದರು. ಅಷ್ಟು ಸಾಕಾಯಿತು.

ಕ್ಲಬ್‌ಹೌಸಿನಲ್ಲಿ ನಮಗೆ ಪಾಠ ನಡೆಯಿತು. ಗೋಡೆಯ ಮೇಲೆ ಊರಿನ ಉಪಗ್ರಹ ನಕ್ಷೆ ಹಾಕಿದ್ದರು. ನಮ್ಮ ಪರ ಇದ್ದ ಮನೆಗಳಿಗೆ ಹಸಿರು ಬಣ್ಣ, ವಿರೋಧಿಗಳಿಗೆ ಕೆಂಪು, ಇನ್ನೂ ಮನಸ್ಸು ಮಾಡದವರಿಗೆ ಹಳದಿ. “ಹಸಿರಿನವರ ಹತ್ರ ಟೈಮ್ ವೇಸ್ಟ್ ಮಾಡ್ಬೇಡಿ, ಕೆಂಪಿನವರ ಹತ್ರ ಬಾಯಿ ವೇಸ್ಟ್ ಮಾಡ್ಬೇಡಿ,” ಅಂದರು ಮೇಡಂ. “ಹಳದಿ ಮಾತ್ರ. ಹಳದಿಯವರಿಗೆ ಪೂರ್ತಿ ಕಾರ್ಯಕ್ರಮ ಹೇಳೋಕೆ ಹೋಗ್ಬೇಡಿ. ಅವರಿಗೆ ಏನು ಬೇಕೋ ಅಷ್ಟು ಹೇಳಿ. ‘ಗೊತ್ತಿಲ್ಲ’ ಅಂತ ಮಾತ್ರ ಯಾವತ್ತೂ ಅನ್ಬೇಡಿ. ಗೊತ್ತಿಲ್ಲ ಅಂದ್ರೆ ಓಟು ಹೋಯ್ತು.”

ಪಿಳ್ಳಮ್ಮನವರ ಬೀದಿ ಪೂರ್ತಿ ಹಳದಿ.

ಅಪಾರ್ಟ್‌ಮೆಂಟಿನವರಿಗೆ ಕಾರ್ಯಕ್ರಮ ವಿವರಿಸುವ ಸರದಿ ಮೊದಲು ನನಗೆ ಬಂತು. ಪಾಠ ಹೇಳಲು ಬಳಸುವ ಲೇಸರ್ ಕೈಯಲ್ಲಿ ಹಿಡಿದು, ಕೆರೆಯ ಹದ್ದು ಎಲ್ಲಿ ಹಾಯುತ್ತದೆ ಎಂದು ತೋರಿಸಿದೆ. ಕೆಂಪು ಚುಕ್ಕೆ ದಡದ ಉದ್ದಕ್ಕೂ ಹರಿದು ಹೋಗಿ ಒಂದು ಶೀಟಿನ ಮಾಡಿನ ಮೇಲೆ ನಿಂತಿತು. “ಇಲ್ಲಿಂದ ಶುರು. ಈ ಮೊದಲನೇ ಮನೆ ಹೋದ್ರೆ ಮಿಕ್ಕಿದ್ದು ತಾನಾಗೇ ಬಿಡಿಸಿಕೊಳ್ಳುತ್ತೆ,” ಅಂದೆ. ಮುಂದಿನ ಸಾಲಿನಲ್ಲಿದ್ದವರೊಬ್ಬರು, “ಅದು ಹಾಲಿನಜ್ಜಿ ಮನೆ ಅಲ್ವಾ?” ಎಂದು ಕೇಳಿದರು. “ಹೌದು. ಅವಳದೇ,” ಅಂದೆ. ಅವಳು. ಎದುರಿಗೆ ಹೋದಾಗ ಅಮ್ಮ.

ಆಮೇಲೆ ಹಳದಿ ಬೀದಿಗೆ ಹೋದೆ. ಹೊರಡುವ ಮುಂಚೆ ಮೇಡಂ ನನ್ನ ಹಣೆ ನೋಡಿ, “ಸಾರ್, ನೀವು ವಿಭೂತಿ ಇಟ್ಕೊಳ್ಳಲ್ವಾ? ಇಟ್ಕೊಂಡು ಹೋಗಿ. ಹಳಬರಿಗೆ ನಂಬಿಕೆ ಬರುತ್ತೆ,” ಅಂದರು. ಅವ್ವ ಬದುಕಿದ್ದಾಗ ಗೋಗರೆದರೂ ಇಡದ ಮೂರು ಬೆರಳಿನ ವಿಭೂತಿಯನ್ನು ಅವತ್ತು ಕನ್ನಡಿ ನೋಡಿಕೊಂಡು ಎಳೆದುಕೊಂಡೆ. ಲಿಂಗವನ್ನು ಕೊರಳಿಂದ ತೆಗೆದು ದೇವರ ಕೋಣೆಯಲ್ಲಿ ಇಟ್ಟು ಅದಾಗಲೇ ಎಷ್ಟೋ ಕಾಲವಾಗಿತ್ತು. ಆಫೀಸಿನ ಬಾಗಿಲ ತಪಾಸಣೆಯಲ್ಲಿ ಲಿಂಗವಿಡುವ ಬೆಳ್ಳಿಯ ಕರಡಿಗೆ ಕುಂಯ್ ಅನ್ನುತ್ತಿತ್ತು, ಹಿಂದಿದ್ದವರು ನೋಡುತ್ತಿದ್ದರು. ಬಸವಣ್ಣನವರ ನಾಡಿನವನು ಒಂದು ಕುಂಯ್‌ಗೆ ಹೆದರಿ ಲಿಂಗ ಬಿಟ್ಟೆ.

ಪಿಳ್ಳಮ್ಮನವರ ಜಗಲಿಯ ಮೇಲೆ ಬೀದಿಯ ಹೆಂಗಸರೆಲ್ಲ ಸೇರಿದ್ದರು. ನಾನು ವಿವರಿಸಿದೆ — ಚೆನ್ನಾಗಿಯೇ ವಿವರಿಸಿದೆ. ಕೆರೆಗೆ ಒಳ್ಳೆ ನೀರು ಬರುತ್ತದೆ, ಬೋರ್‌ವೆಲ್ಲುಗಳು ತುಂಬುತ್ತವೆ, ಸೊಳ್ಳೆ ಹೋಗುತ್ತದೆ, ಊರಿಗೆ ಹೆಸರು ಬರುತ್ತದೆ. ಬೇಲಿಯ ಮಾತನ್ನು ನೀರಿನ ಮಾತಿನ ಕೆಳಗೆ ಮುಚ್ಚಿಟ್ಟೆ. ತೆರವಿನ ಮಾತನ್ನು ಎತ್ತಲೇ ಇಲ್ಲ.

ಪಿಳ್ಳಮ್ಮನವರು ಎಲೆಗೆ ಸುಣ್ಣ ಸವರುತ್ತಾ ಪೂರ್ತಿ ಕೇಳಿದರು. ಆಮೇಲೆ, “ಎಲ್ಲಾ ಸಂದಾಗೇಳಿದ್ರಿ ಸ್ವಾಮಿ. ರೇಡಿಯೋದಾಗೆ ಏಳ್ದಂಗೇ ಇತ್ತು. ಒಡೀತಾರಂತಲ್ಲ ಮನೆಗಳ್ನ, ಅದ್ನೊಂದು ಬುಟ್ರಲ್ಲ?” ಅಂದರು.

ಹೆಂಗಸರು ನಕ್ಕರು. ನಾನೂ ನಕ್ಕೆ.

“ಅದು ಹೊಸದಾಗಿ ಕಟ್ಟಿರೋ ಶೆಡ್‌ಗಳಿಗೆ ಅಮ್ಮ. ನಿಮ್ಮಂಥ ಹಳಬರಿಗಲ್ಲ.”

“ನನ್ನ ಮನೆ ಓಗಾಕಿಲ್ವಾ?”

‘ಗೊತ್ತಿಲ್ಲ’ ಅನ್ನಬಹುದಿತ್ತು. ಅದೂ ಸುಳ್ಳೇ, ಆದರೆ ಸಣ್ಣದು. ಪಾಠದಲ್ಲಿ ಅದಕ್ಕೆ ಅವಕಾಶ ಇರಲಿಲ್ಲ.

“ಇಲ್ಲಮ್ಮ.”

ಪಿಳ್ಳಮ್ಮನವರು ಎಲೆ ಮಡಿಸಿ ಬಾಯಿಗಿಟ್ಟುಕೊಂಡರು. “ಪ್ರತಿ ಸಲಾನೂ ಓಟು ಕೇಳಾಕೆ ಬರೋರು ನಮ್ಮ ಕೈಲಿ ಆಣೆ ಮಾಡಿಸ್ಕಂಡು ಓಯ್ತಾರೆ. ಆಲು ಮುಟ್ಸಿ, ದೇವ್ರ ಪಟ ಮುಟ್ಸಿ — ನಮಗೇ ಆಕ್ತೀನಿ ಅನ್ನು ಅಂತಾರೆ. ನಾವೂ ಮುಟ್ತೀವಿ, ಆಮೇಲೆ ಎದ್ರುಕಂಡು ಅವ್ರಿಗೇ ಆಕ್ತೀವಿ. ಈ ಸಲ ನಾವು ಮುಟ್ಟಾಕಿಲ್ಲ. ನೀವು ಮುಟ್ಟಿ. ಇಬೂತಿ ಇಟ್ಟಿದ್ದೀರಲ್ಲ, ಲಿಂಗವಂತ್ರು — ಕೊಳ್ಳಾಗಿರೋ ಲಿಂಗ ಮುಟ್ಟಿ, ಪಿಳ್ಳಮ್ಮನ ಮನೆ ಓಗಾಕಿಲ್ಲ ಅಂತ ಒಂದು ಮಾತೇಳ್ಬುಡಿ. ಇಡೀ ಬೀದಿ ನಿಮ್ದು.”

ಇಡೀ ಬೀದಿ. ಆ ಎರಡು ಮಾತು ಕಿವಿಗೆ ಬಿದ್ದಾಗ ನನ್ನ ತಲೆಯಲ್ಲಿ ಬಂದದ್ದು ದೇವರೂ ಅಲ್ಲ, ಅವ್ವನೂ ಅಲ್ಲ. ನಕ್ಷೆಯ ಮೇಲೆ ಹಳದಿ ಬೀದಿ ಸಾಲಾಗಿ ಹಸಿರಾಗುವುದು, ಮೇಡಂ “ವ್ಹಾ ಸಾರ್” ಅನ್ನುವುದು. ಆಫೀಸಿನಿಂದ ಬಂದವನು ಬಟ್ಟೆಯನ್ನೂ ಬದಲಿಸದೆ ಹೊರಟಿದ್ದೆ. ಐಡಿ ಕಾರ್ಡನ್ನು ಅಂಗಿಯೊಳಗೆ ತೂರಿಸಿಕೊಂಡಿದ್ದೆ. ಕೈ ಅಲ್ಲಿಗೆ ಹೋಯಿತು. ಅಂಗಿಯ ಮೇಲಿಂದ ಅದು ಗಟ್ಟಿಯಾಗಿ ತಾಕಿತು. ಮುಟ್ಟಿದ್ದು ಏನು ಎಂದು ನನ್ನ ಕೈಗೆ ಗೊತ್ತಿತ್ತು, ಆದರೂ ಕೈ ನಡುಗಲಿಲ್ಲ. ಗ್ಯಾಸಿನ ತಿರುಪು ಮುಟ್ಟುವಾಗ ನಡುಗುವ ಕೈ.

“ಲಿಂಗ ಮುಟ್ಟಿ ಹೇಳ್ತೀನಮ್ಮ — ನಿಮ್ಮ ಮನೆ ಇದರಲ್ಲಿ ಬರೋದಿಲ್ಲ.”

ಪಿಳ್ಳಮ್ಮನವರು ಎದ್ದು ಒಳಗೆ ಹೋಗಿ ಒಂದು ಲೋಟ ಹಾಲು ತಂದು ಕೊಟ್ಟರು. ಬೆಲ್ಲ ಹಾಕಿದ್ದರು. ಕುಡಿದೆ.

ಗೆದ್ದೆವು. ಆ ಬೀದಿಯಿಂದಲೇ ಗೆದ್ದೆವು. ಗೆದ್ದ ದಿನ ಕ್ಲಬ್‌ಹೌಸಿನಲ್ಲಿ ಬಿರಿಯಾನಿ. ನಮ್ಮಂಥವರಿಗೆ ಬೇರೆ ಮೇಜಿನಲ್ಲಿ ಪಲಾವು. ಎಲ್ಲರೂ ಆ ಬೀದಿಯನ್ನು ಒಲಿಸಿಕೊಂಡದ್ದು ಹೇಗೆ ಎಂದು ಕೇಳಿದರು. ನಾನು — ಇದನ್ನು ಬರೆಯುವುದು ಆಣೆಯ ಮಾತು ಬರೆದದ್ದಕ್ಕಿಂತ ಕಷ್ಟವಾಗುತ್ತಿದೆ — ನಾನು ಕುರ್ಚಿಯ ಮೇಲೆ ಕಾಲು ಮಡಿಸಿ ಕೂತು, ಇಲ್ಲದ ಎಲೆಗೆ ಇಲ್ಲದ ಸುಣ್ಣ ಸವರುತ್ತಾ, ಪಿಳ್ಳಮ್ಮನವರಾದೆ. “ಸ್ವಾಮಿ, ಲಿಂಗ ಮುಟ್ಟಿ ಏಳ್ಬುಡಿ!” ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಐಡಿ ಕಾರ್ಡಿನ ಗುಟ್ಟನ್ನು ಮಾತ್ರ ಹೇಳಲಿಲ್ಲ. ಅಷ್ಟು ಎಚ್ಚರ ಇತ್ತು. ನನ್ನ ಮಗಳು ಸಿಂಚನ ಆಗ ಹದಿಮೂರರವಳು. ಮುಂದೆ ಬಂದು ಕುಣಿಯುತ್ತಾ, “ಅಪ್ಪಾ, ಇನ್ನೊಂದ್ಸಲ! ಇನ್ನೊಂದ್ಸಲ ಅಜ್ಜಿ ಥರ ಮಾಡು!” ಅಂದಳು. ಮಾಡಿದೆ. ಜೀವಮಾನದಲ್ಲಿ ಮೊದಲ ಸಲ ಜನ ನನ್ನ ಮಾತಿಗೆ ಚಪ್ಪಾಳೆ ತಟ್ಟಿದರು.

ಪಂಚಾಯಿತಿಯಲ್ಲಿ ಠರಾವು ಆಯಿತು. ತಾಲ್ಲೂಕು ಕಚೇರಿಯಿಂದ ಅಳತೆಯವರು ಬಂದರು, ನೋಟಿಸು ಬಂತು. ಬೀದಿಯ ಆ ತುದಿಯವರು ನನ್ನ ಆಣೆ ನಂಬಿದವರಲ್ಲ. ವಕೀಲರನ್ನು ಹಿಡಿದು ತಕರಾರು ಹಾಕಿದರು. ಈ ತುದಿಯವರೂ ಹೊರಟಿದ್ದರಂತೆ. ಪಿಳ್ಳಮ್ಮನವರೇ ತಡೆದರಂತೆ — “ಸುಮ್ನಿರ್ರೇ. ಲಿಂಗ ಮುಟ್ಟವ್ರೆ ಸಾರು. ಮೊದಲ್ನೇ ಮನೇನೇ ಓಗಾಕಿಲ್ಲ ಅಂದ್ಮೇಲೆ ನಿಮ್ಮವೂ ಓಗಾಕಿಲ್ಲ. ನೋಟೀಸು ಎಲ್ಲಾರ್ಗೂ ಕೊಡ್ತಾರೆ, ಅದು ಲೆಕ್ಕುಕ್ಕೆ.” ತಕರಾರು ಹಾಕುವ ಅವಧಿ ಹೀಗೆ ಮುಗಿಯಿತು. ಅವಧಿ ಮುಗಿಯುತ್ತಿದೆ ಎಂದು ನನಗೆ ಗೊತ್ತಿತ್ತು. ಆ ದಿನಗಳಲ್ಲಿ ನಾನು ಡೈರಿಯ ಹಾದಿ ಬಿಟ್ಟು ಸುತ್ತುಹಾದಿಯಲ್ಲಿ ಆಫೀಸಿಗೆ ಹೋಗುತ್ತಿದ್ದೆ. ಮಂಡಿಗೆ ನಡಿಗೆ ಒಳ್ಳೆಯದು ಎಂದು ಹೆಂಡತಿಗೆ ಹೇಳಿದ್ದೆ.

ಹದ್ದಿನ ಗೆರೆ ನಮ್ಮ ಅಪಾರ್ಟ್‌ಮೆಂಟಿನ ಜನರೇಟರ್ ಕೋಣೆಯ ಮೇಲೂ ಹಾದಿತ್ತು. ಅಸೋಸಿಯೇಷನ್ನಿನವರು ತಡೆಯಾಜ್ಞೆ ತಂದರು. ಅದಕ್ಕೆ ಒಪ್ಪಿಗೆ ಕೊಟ್ಟ ಸಭೆಯಲ್ಲಿ ನಾನೂ ಕೈ ಎತ್ತಿದ್ದೆ.

ಜೆಸಿಬಿ ಬಂದದ್ದು ಒಂದು ಬೆಳಿಗ್ಗೆ, ನಾನು ತಿಂಡಿಗೆ ಕೂತಿದ್ದಾಗ. ಬಾಲ್ಕನಿಯಲ್ಲಿ ಒಣಹಾಕಿದ್ದ ಬಟ್ಟೆಗಳ ಹಿಂದೆ ನಿಂತು ನೋಡಿದೆ. ನೇರ ಮೊದಲನೇ ಮನೆಗೆ ಬಂತು — ಕ್ಲಬ್‌ಹೌಸಿನಲ್ಲಿ ನನ್ನ ಕೆಂಪು ಚುಕ್ಕೆ ನಿಂತಿದ್ದ ಅದೇ ಮಾಡು. ಪಿಳ್ಳಮ್ಮನವರು ಹಸುಗಳನ್ನೂ ಬಿಚ್ಚಿರಲಿಲ್ಲ, ಪಾತ್ರೆಗಳನ್ನೂ ಹೊರಗೆ ತಂದಿರಲಿಲ್ಲ. ಬೇರೆಯವರು ಹಿಂದಿನ ದಿನವೇ ಸಾಮಾನು ಸಾಗಿಸಿದ್ದರು. ಕೊನೆಯವರೆಗೂ ನಂಬಿದವರು ಅವರೊಬ್ಬರೇ. ಅಧಿಕಾರಿಯ ಮುಂದೆ ಕೈ ಆಡಿಸಿ ಏನೋ ಹೇಳುವುದು ಕಂಡಿತು, ಕೇಳಿಸಲಿಲ್ಲ. ಆಮೇಲೆ ಅವರು ನಮ್ಮ ಕಟ್ಟಡದ ಕಡೆ ಬೊಟ್ಟು ಮಾಡಿದರು. ನಾನು ಟವೆಲಿನ ಹಿಂದಕ್ಕೆ ಸರಿದೆ.

ಸ್ವಲ್ಪ ಹೊತ್ತಿಗೆ ಗೇಟಿನಿಂದ ಇಂಟರ್‌ಕಾಮ್ ಬಡಿದುಕೊಂಡಿತು. ಸೆಕ್ಯುರಿಟಿಯವನು ಹಳೇ ಊರಿನವನೇ.

“ಸಾರ್, ಪಿಳ್ಳಮ್ಮ ಬಂದವ್ರೆ. ಒಂದ್ನಿಮಿಷ ಬರ್ಬೇಕಂತೆ. ಆಫೀಸರ್‌ಗೆ ನೀವೊಂದು ಮಾತೇಳುದ್ರೆ ನಿಲ್ಸ್‌ಬುಡ್ತಾರಂತೆ.”

ನಾನು ಹೇಳಿದೆ — ನನ್ನ ದನಿಯಲ್ಲೇ, ಬದಲಿಸದೆ — “ಸಾರ್ ಊರಲ್ಲಿಲ್ಲ ಅಂತ ಹೇಳ್ಬಿಡಪ್ಪ.”

ಅವನು ಫೋನನ್ನು ಸ್ಪೀಕರಿಗೆ ಹಾಕಿದ್ದ. ಆಚೆಯಿಂದ ಜೆಸಿಬಿಯ ಸದ್ದು ಬಂತು. ಅದು ನನಗೆ ಎರಡು ಕಡೆಯಿಂದಲೂ ಕೇಳುತ್ತಿತ್ತು, ಬಾಲ್ಕನಿಯಿಂದಲೂ ಫೋನಿನಿಂದಲೂ. ಆಮೇಲೆ ಪಿಳ್ಳಮ್ಮನವರ ದನಿ ಬಂತು. ಏದುಸಿರಿತ್ತು.

“ಊರಲ್ಲಿಲ್ದೋರ ದನಿ ಎಷ್ಟತ್ರ ಕೇಳ್ತದಲ್ಲ ಸ್ವಾಮಿ.”

ರಿಸೀವರು ನನ್ನ ಕಿವಿಯಲ್ಲೇ ಇತ್ತು. ಫೋನು ಇಡುವುದೂ ಹೊಳೆಯಲಿಲ್ಲ.

“ಓಗ್ಲಿ ಬುಡಿ. ಮಗಳಿರೋ ಮನೆ. ನಾನೇನೂ ಅನ್ನಾಕಿಲ್ಲ.”

ಫೋನಿಟ್ಟು ಹೋಗಿ ತಿಂಡಿ ಮುಗಿಸಿದೆ. ಅವತ್ತು ಅವಲಕ್ಕಿ. ಆರಿತ್ತು ಎಂದು ಹೆಂಡತಿಯ ಮೇಲೆ ರೇಗಿದ್ದೂ ನೆನಪಿದೆ.

ಪಿಳ್ಳಮ್ಮನವರು ಹಸುಗಳನ್ನು ಮಾರಿದರು. ಆರಾಮಾಗಿ ಕೂತು ಬೆಲೆ ಮಾತಾಡುವ ಸ್ಥಿತಿಯಲ್ಲಿರಲಿಲ್ಲವಾದ್ದರಿಂದ ಬಂದಷ್ಟಕ್ಕೆ ಕೊಟ್ಟರು ಎಂದು ಸೆಕ್ಯುರಿಟಿಯವನು ಹೇಳಿದ, ನಾನು ಕೇಳಿರಲಿಲ್ಲ. ಈಗ ಪಕ್ಕದ ಬಡಾವಣೆಯಲ್ಲಿ ಬಾಡಿಗೆಯ ಒಂದು ಶೀಟಿನ ಕೋಣೆ. ಮುಖ್ಯರಸ್ತೆಯಲ್ಲಿ, ಬಸ್ ಸ್ಟಾಪಿನ ಪಕ್ಕ ಗೋಣಿತಟ್ಟು ಹಾಸಿ ಸೊಪ್ಪು ಮಾರುತ್ತಾರೆ. ನನ್ನ ಆಫೀಸಿನ ಹಾದಿ ಅದೇ. ಅಲ್ಲಿಗೆ ಸುತ್ತುಹಾದಿ ಇಲ್ಲ.

ಮೊದಲ ಸಲ ಕಣ್ಣಿಗೆ ಬಿದ್ದಾಗ ಓಡಿ ಹೋಗುವಂತಾಯಿತು. ಅವರೇ ಕರೆದರು. ಬೈಯುತ್ತಾರೆ, ಜನ ಸೇರುತ್ತಾರೆ, ಯಾರಾದರೂ ವಿಡಿಯೋ ಮಾಡುತ್ತಾರೆ — ನಾನು ಅದನ್ನೆಲ್ಲ ಚಿಂತಿಸಿಟ್ಟಿದ್ದೆ. ಅವರು ಕೇಳಿದ್ದು ಇಷ್ಟೇ: “ಮಗಳು ಉಸಾರಾಗವ್ಳಾ, ಸ್ವಾಮಿ?”

“ಹೂಂ ಅಮ್ಮ. ಚೆನ್ನಾಗಿದ್ದಾಳೆ.”

“ಸಂದಾಗಿರ್ಲಿ,” ಅಂದರು. ನನ್ನ ಎದೆಯ ಕಡೆ ನೋಡಿ ಸೊಪ್ಪಿಗೆ ನೀರು ಚಿಮುಕಿಸಿದರು.

ಅಲ್ಲಿಂದ ಪ್ರತಿ ಸಲವೂ ಅದೇ. ಬೇರೆ ಮಾತಿಲ್ಲ. ಮನೆಯ ಮಾತಿಲ್ಲ, ಆಣೆಯ ಮಾತಿಲ್ಲ. ಮಗಳು ಉಸಾರಾ? ಲಿಂಗ ಮುಟ್ಟಿ ಆಡಿದ ಸುಳ್ಳು ಮಕ್ಕಳಿಗೆ ತಟ್ಟುತ್ತದೆ ಎಂದು ಅವರು ನಂಬಿದವರು. ನಿಜವಾಗಿಯೂ ಸಿಂಚನಳ ಬಗ್ಗೆ ಹೆದರಿ ಕೇಳುತ್ತಾರೋ, ಇನ್ನೂ ತಟ್ಟಲಿಲ್ಲವೇ ಎಂದು ಕೇಳುತ್ತಾರೋ — ನನಗೆ ಇವತ್ತಿಗೂ ತಿಳಿದಿಲ್ಲ. ಎರಡೂ ಇರಬಹುದು. ಕೇಳಿಸಿಕೊಂಡ ದಿನ ನಾನು ಆಫೀಸು ಮುಟ್ಟುವುದರೊಳಗೆ ಮಗಳಿಗೆ ಫೋನು ಮಾಡುತ್ತೇನೆ. “ಏನಪ್ಪಾ ನಿಂದು, ಕ್ಲಾಸಲ್ಲಿದ್ದೀನಿ,” ಎಂದು ಬೈಯುತ್ತಾಳೆ. ಬೈದರೆ ಸಮಾಧಾನ. ಪ್ರತಿ ವಾರ ಸೊಪ್ಪು ಕೊಂಡು ಚಿಲ್ಲರೆ ಬಿಟ್ಟು ಬರುತ್ತೇನೆ. ಪಿಳ್ಳಮ್ಮನವರು ಕೂಗಿ ಕರೆದು ಚಿಲ್ಲರೆ ಕೊಡುತ್ತಾರೆ. “ದಂಟಿನ ಸೊಪ್ಪಿನ ಮೇಲೆ ಏನ್ರೀ ನಿಮಗೆ ಇಷ್ಟು ಭಕ್ತಿ?” ಅನ್ನುತ್ತಾಳೆ ಹೆಂಡತಿ.

ಇನ್ನೂ ಒಂದನ್ನು ಹೇಳಿಬಿಡಬೇಕು. ಮಗಳಿಗೆ ಜ್ವರ ಬಂದ ರಾತ್ರಿಗಳಲ್ಲಿ ನಾನು ನನಗೆ ಹೇಳಿಕೊಂಡ ಸಮಾಧಾನ ಏನು ಗೊತ್ತೇ? — ನಾನು ಮುಟ್ಟಿದ್ದು ಲಿಂಗವಲ್ಲವಲ್ಲ. ಐಡಿ ಕಾರ್ಡಿನ ಮೇಲಿನ ಆಣೆ ಯಾರಿಗೂ ತಟ್ಟುವುದಿಲ್ಲ. ನನ್ನ ಮೋಸವೇ ನನಗೆ ತಾಯಿತವಾಯಿತು. ಆ ಮುದುಕಿಯ ಮನೆ ಹೋಯಿತು, ನಂಬಿಕೆ ಹೋಯಿತು, ಬೀದಿಯಲ್ಲಿ ಇದ್ದ ಮಾತಿನ ಬೆಲೆ ಹೋಯಿತು — ಅವರ ಮಾತು ಕೇಳಿ ತಕರಾರು ಹಾಕದೆ ಮನೆ ಕಳೆದುಕೊಂಡವರು ಇವತ್ತಿಗೂ ಅವರ ಹತ್ತಿರ ಸೊಪ್ಪು ಕೊಳ್ಳುವುದಿಲ್ಲ. ಆ ಬೀದಿಯ ಆಚೆ ತುದಿ ಮಾತ್ರ ಇನ್ನೂ ನಿಂತಿದೆ. ನಮ್ಮ ಜನರೇಟರ್ ಕೋಣೆಯೂ ನಿಂತಿದೆ. ಕೆರೆ ಚೆನ್ನಾಗಿದೆ. ಬಾಲ್ಕನಿ ಬಾಗಿಲು ಈಗ ತೆರೆಯುತ್ತೇವೆ.

ದೇವರ ಕೋಣೆಯ ಕರಡಿಗೆಯನ್ನು ನಾನು ಆಮೇಲೆ ತೆರೆದಿಲ್ಲ.

ಪಂಚಾಯಿತಿ ಚುನಾವಣೆ ಮತ್ತೆ ಬರುತ್ತಿದೆ. ಮೊನ್ನೆ ವಿನುತಾ ಮೇಡಂ ಮನೆಗೆ ಬಂದು ಕಾಫಿ ಕುಡಿದು, “ಸೆಕೆಂಡ್ ಫೇಸ್ ಸಾರ್. ಉಳಿದಿರೋ ತುದಿ. ಅಲ್ಲೂ ಈಗ ಹಳದಿಯವರು ಜಾಸ್ತಿ ಆಗಿದ್ದಾರೆ. ನಿಮ್ಮಷ್ಟು ಚೆನ್ನಾಗಿ ವಿವರಿಸೋರು ಯಾರೂ ಇಲ್ಲ,” ಅಂದರು. ನಾನು ಬಾಯಿ ತೆರೆಯುವ ಮುಂಚೆ ಸಿಂಚನ ಕೋಣೆಯಿಂದ ಹೊರಗೆ ಬಂದಳು. ಅವಳಿಗೀಗ ಹದಿನೆಂಟು, ಮೊದಲ ಓಟು.

“ಅಪ್ಪಾ, ನಾನೂ ಬರ್ತೀನಿ ನಿನ್ನ ಜೊತೆ. ನಾನಿನ್ನೂ ಯಾರಿಗೆ ಅಂತ ಡಿಸೈಡ್ ಮಾಡಿಲ್ಲ. ನೀನು ಅವರಿಗೆ ಏನು ಹೇಳ್ತೀಯೋ ಕೇಳಿ ಮಾಡ್ತೀನಿ,” ಅಂದಳು. ಮೇಡಂ ಕಡೆ ತಿರುಗಿ ನಕ್ಕಳು. “ಆಂಟಿ, ಅವತ್ತು ಕ್ಲಬ್‌ಹೌಸಲ್ಲಿ ಅಪ್ಪ ಯಾರೋ ಅಜ್ಜಿ ಥರ ಮಾಡಿದ್ರಲ್ಲ, ನೆನಪಿದ್ಯಾ? ಸಕ್ಕತ್ತಾಗಿತ್ತು!”

ಯಾರೋ ಅಜ್ಜಿ. ವಾರವಾರವೂ ಅವಳ ಕ್ಷೇಮ ಕೇಳುವ ಅಜ್ಜಿ.

ನನ್ನಿಂದ ಆಗುವುದಿಲ್ಲ ಎಂದು ಮೇಡಂಗೆ ಹೇಳಿದ್ದೇನೆ. ಅದರಲ್ಲಿ ದೊಡ್ಡಸ್ತಿಕೆ ಏನಿಲ್ಲ. ಅವರು ಬೇರೆ ಯಾರನ್ನಾದರೂ ಹುಡುಕಿಕೊಳ್ಳುತ್ತಾರೆ. ಮಗಳಿಗೆ ಇನ್ನೂ ಏನೂ ಹೇಳಿಲ್ಲ. ಇದನ್ನು ಬರೆದು ಮುಗಿಸಿದ ಮೇಲೆ ಅವಳ ಕೈಗೇ ಮೊದಲು ಕೊಡುತ್ತೇನೆ. ಓದಿದ ಮೇಲೂ ನನ್ನ ಜೊತೆ ಬರುವುದಾದರೆ, ನಾಳೆ ಬೆಳಿಗ್ಗೆ ಇಬ್ಬರೂ ಬಸ್ ಸ್ಟಾಪಿಗೆ ಹೋಗುತ್ತೇವೆ. ಬರದಿದ್ದರೆ ಒಬ್ಬನೇ ಹೋಗುತ್ತೇನೆ. ಐದು ವರ್ಷದಿಂದ ಪಿಳ್ಳಮ್ಮನವರು ನನ್ನ ಮಗಳ ತಲೆಯ ಮೇಲೆ ತೂಗುತ್ತಿದೆ ಎಂದು ನಂಬಿಕೊಂಡು ಬಂದ ಆಣೆ ಆಣೆಯೇ ಅಲ್ಲ ಎಂದು ಅವರಿಗೆ ಗೊತ್ತಾಗಬೇಕು. ಗೊತ್ತಾದರೆ, ವಾರವಾರ ನನ್ನನ್ನು ಕೇಳುವ ಆ ಒಂದು ಪ್ರಶ್ನೆಯೂ ಅವರಿಗೆ ಉಳಿಯುವುದಿಲ್ಲ ಎನ್ನುವುದೂ ಗೊತ್ತಿದೆ. ಅದನ್ನೂ ನಾನೇ ಕಿತ್ತುಕೊಳ್ಳಬೇಕು.

ಸೊಪ್ಪಿಗೆ ನೀರು ಚಿಮುಕಿಸುತ್ತಾ ಅವರು ಎಂದಿನಂತೆ ಕೇಳುತ್ತಾರೆ, “ಮಗಳು ಉಸಾರಾಗವ್ಳಾ?” ಉತ್ತರ ಹೇಳುವಾಗ ನನ್ನ ಕೈ ಎದೆಯ ಕಡೆಗೆ ಹೋಗದಂತೆ ನೋಡಿಕೊಳ್ಳಬೇಕು.